ಜೀರ್ಣೋದ್ಧಾರಕ್ಕೊಂದು ಗಾಡಿ

ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ ದಾನಿಯು ಪೂಜೆ ಪುನಸ್ಕಾರಗಳ ಜೊತೆಯಲ್ಲಿಯೇ ಇದನ್ನೂ ದತ್ತಿಯ ಉದ್ದೇಶವಾಗಿ ಬರೆಯಿಸುತ್ತಿದ್ದನು. ಮುಂದೆಂದಾದರೂ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಈ ಭೂಮಿಯ ಹುಟ್ಟುವಳಿ ಸಲ್ಲತಕ್ಕದ್ದು ಎಂಬುದು ಅದರ ತಾತ್ಪರ್ಯ. ಕಟ್ಟಿದ್ದು ಹಳತಾಗುತ್ತದೆ, ಹಳತಾದದ್ದು ಮುರಿಯುತ್ತದೆ, ಮುರಿದದ್ದನ್ನು ಸರಿಮಾಡಲು ಹಣ ಬೇಕಾಗುತ್ತದೆ; ಈ ಮೂರು ಸತ್ಯಗಳನ್ನು ಆ ಹಿರಿಯರು ಒಂದೇ ಸಮಾಸದಲ್ಲಿ ಅಡಕಮಾಡಿದ್ದರು. ಹಳೆಯ ಮೋಟಾರ್ ಸೈಕಲ್ಲೊಂದನ್ನು ಅಗ್ಗಕ್ಕೆ ಕೊಂಡು ಮೊದಲಿನ ರೂಪಕ್ಕೆ ತರಬೇಕೆಂದು ಹೊರಡುವವರು ಈ ಸಮಾಸವನ್ನು ಬಿಡಿಸಿ ಅರ್ಥಮಾಡಿಕೊಂಡು ಹೊರಡುವುದು ಒಳ್ಳೆಯದು. ಕೊಳ್ಳುವ ಬೆಲೆ ಬೇರೆ, ಉದ್ಧಾರದ ಬೆಲೆ ಬೇರೆ. ಮೊದಲನೆಯದನ್ನು ಮಾರುವವನು ಹೇಳುತ್ತಾನೆ. ಎರಡನೆಯದನ್ನು ಯಾರೂ ಹೇಳುವುದಿಲ್ಲ, ಕೊಳ್ಳುವವನೇ ಕಂಡುಕೊಳ್ಳಬೇಕು.

ಈ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿಯುವ ಯೋಗ್ಯತೆ ನನಗಿದೆಯೆಂದು ವಾಚಕರು ಭಾವಿಸಬಾರದು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು; ಸಂಧಿಕಾರ್ಯವನ್ನು ಬಲ್ಲೆನೇ ಹೊರತು ಬೆಸುಗೆಕಾರ್ಯವನ್ನು ಬಲ್ಲವನಲ್ಲ. ಆದರೆ ಅಂಥ ಗಾಡಿಯೊಂದನ್ನು ಆರಿಸುವ ಸಲುವಾಗಿ ಕಳೆದ ವರ್ಷ ಐದು ತಿಂಗಳ ಕಾಲ ರಜಾದಿನಗಳನ್ನೆಲ್ಲ ಸವೆಸಿದ್ದೇನೆ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇದು ವಿನೋದದ ವಿಷಯವಾಯಿತು. “ಹೊಸ ಗಾಡಿ ಕಂತಿನ ಮೇಲೆ ಸಿಗುವಾಗ ಹಳೆಯದರ ಹಿಂದೆ ಏಕೆ ಹೋಗುತ್ತೀರಿ, ಸಾರ್?” ಎಂದು ಅರ್ಥಶಾಸ್ತ್ರದ ಮಿತ್ರರು ಕೇಳಿದರು. ಅವರ ಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಉತ್ತರವಿಲ್ಲ. ಕಾಲೇಜಿಗೆ ಹೋಗಿಬರಲು ನನ್ನಲ್ಲಿ ಸ್ಕೂಟರು ಇದೆ. ಕೈಯಿಂದ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ‘ಇದು ಹೀಗೆ ಕೆಲಸ ಮಾಡುತ್ತದೆ’ ಎಂದು ಕಣ್ಣಾರೆ ಕಾಣಬಹುದಾದ ಒಂದು ವಸ್ತು ನನಗೆ ಬೇಕಾಗಿತ್ತು. ಇಂದಿನ ಗಾಡಿಗಳ ಹೊಟ್ಟೆಯನ್ನು ತೆರೆದರೆ ಕಾಣುವುದು ಮೊಹರು ಹಾಕಿದ ಡಬ್ಬಗಳು; ಅವುಗಳೊಳಗಿನ ವ್ಯವಹಾರ ಮನುಷ್ಯನ ಕಣ್ಣಿಗೂ ಬೆರಳಿಗೂ ನಿಲುಕುವುದಿಲ್ಲ.

ಮೊದಲನೆಯ ಪ್ರಶ್ನೆ, ಯಾವ ಜಾತಿಯ ಗಾಡಿ? ಬುಲೆಟ್ಟಿನ ಹೆಸರು ಎಲ್ಲರ ಬಾಯಲ್ಲಿಯೂ ಇದೆ. 1955ರಲ್ಲಿ ಮದರಾಸಿನಲ್ಲಿ ನೆಲೆಯೂರಿದ ಆ ಗಾಡಿಯ ವಂಶ ಇಂದಿಗೂ ಬೆಳೆಯುತ್ತಿದೆ, ಬಿಡಿಭಾಗಗಳಿಗೆ ಕೊರತೆಯಿಲ್ಲ. ಆದರೆ ಹಳೆಯ ಬುಲೆಟ್ಟನ್ನು ಅಗ್ಗಕ್ಕೆ ಕೊಡುವ ಪುಣ್ಯಾತ್ಮರು ಈಗ ಕಡಮೆ. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ ಯಮಹಾ ಆರ್.ಎಕ್ಸ್. 100ರ ಮೇಲೆ ತರುಣರಿಗೆ ಎಷ್ಟು ಮೋಹವೆಂದರೆ, ಅದರ ಬೆಲೆ ಮೂಗಿಗಿಂತ ಮೂಗುತಿ ಭಾರವೆನ್ನುವಂತಾಗಿದೆ. ರಾಜದೂತ ಬಡವರ ಗಾಡಿ, ಗಟ್ಟಿಮುಟ್ಟಾದದ್ದು. ಅದನ್ನು ಬಲ್ಲವರು ನನ್ನ ಸಮೀಪದಲ್ಲಿರಲಿಲ್ಲ. ಜಾತಿಯನ್ನು ನಿರ್ಣಯಿಸಬೇಕಾದದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಯಾವ ಗಾಡಿ ಚೆಂದ ಎಂದು ಕೇಳುವ ಮೊದಲು, ಯಾವುದನ್ನು ಬಲ್ಲ ಕೈ ನಮ್ಮ ಊರಿನಲ್ಲಿದೆ ಎಂದು ಕೇಳಬೇಕು. ನಾನಿರುವುದು ಮೈಸೂರಿನಲ್ಲಿ. ಮೈಸೂರಿನವನಿಗೆ ಉತ್ತರ ಸ್ಪಷ್ಟವಾಗಿಯೇ ಇದೆ: ಜಾವಾ, ಇಲ್ಲವೇ ಅದರ ತಮ್ಮನಾದ ಯೆಜ್ಡಿ.

ಜಾವಾ ಎಂಬುದು ದ್ವೀಪದ ಹೆಸರಲ್ಲ. ಪ್ರಾಗ್ ನಗರದ ಯಾನಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಇಬ್ಬರ ಹೆಸರಿನ ಮೊದಲಕ್ಷರಗಳು ಕೂಡಿ ಆದ ಸಂಧಿ ಅದು. ಆ ಗಾಡಿಯನ್ನು ಇಲ್ಲಿ ತಯಾರಿಸಲು ಪಾರ್ಸಿ ಇರಾನಿ ಉದ್ಯಮಿಗಳು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು; 1961ರಿಂದ ಮೈಸೂರಿನ ಜಾವಾ ರಸ್ತೆಗಿಳಿಯಿತು. 1970ರ ದಶಕದಲ್ಲಿ ಅದೇ ಕಾರ್ಖಾನೆ ತನ್ನ ಗಾಡಿಗೆ ಯೆಜ್ಡಿ ಎಂದು ಹೆಸರಿಟ್ಟಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. 1980ರ ದಶಕದ ನಡುವಿನಲ್ಲಿ ಜಪಾನೀ ಸಹಯೋಗದ, ಪೆಟ್ರೋಲು ಕಡಮೆ ಕುಡಿಯುವ 100 ಸಿ.ಸಿ. ಗಾಡಿಗಳು ಬಂದ ಮೇಲೆ ಅದರ ದೆಸೆ ಇಳಿಮುಖವಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬುದು 2022ರಲ್ಲಿಯೂ ಮಾರುಕಟ್ಟೆಗೆ ಮರಳಿದುವು. ಆದರೆ ಆ ಹೊಸ ಎಂಜಿನ್ನಿಗೂ ಈ ಹಳೆಯದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ಅದರ ಒಂದು ಬೋಲ್ಟೂ ಇದಕ್ಕೆ ನೆರವಾಗುವುದಿಲ್ಲ.

ಕಾರ್ಖಾನೆ ಮುಚ್ಚಿದಾಗ ಯಂತ್ರಗಳು ಹರಾಜಾಗಬಹುದು, ಕಟ್ಟಡ ಕೈಬದಲಾಗಬಹುದು. ಅಲ್ಲಿ ದುಡಿದವರ ಕೈಯೊಳಗಿನ ವಿದ್ಯೆ ಮಾತ್ರ ಅವರೊಡನೆ ಮನೆಗೆ ಹೋಗುತ್ತದೆ. ಮೈಸೂರಿನಲ್ಲಿ ಅಂಥ ಕೆಲವರು ಮೊಹಲ್ಲಾಗಳ ಸಣ್ಣ ಗ್ಯಾರೇಜುಗಳಲ್ಲಿ ನೆಲೆನಿಂತರು. ಅವರಲ್ಲೊಬ್ಬರನ್ನು ನಾನು ಆಶ್ರಯಿಸಿದೆ. ಎಂಜಿನ್ ಜೋಡಿಸುವ ವಿಭಾಗದಲ್ಲಿ ಕಾರ್ಖಾನೆಯ ಕೊನೆಯ ದಿನದವರೆಗೂ ಇದ್ದವರು; ಈಗ ಎಪ್ಪತ್ತರ ಆಸುಪಾಸು. ಎಲ್ಲರೂ ಅವರನ್ನು ಮೇಸ್ತ್ರಿಗಳೆಂದೇ ಕರೆಯುತ್ತಾರೆ. ನನ್ನ ಅಭಿಲಾಷೆಯನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೇಷ್ಟ್ರೇ, ನನಗೀಗ ಕಣ್ಣು ಮಂದ. ಕೈ ಇನ್ನೂ ನಡೀತದೆ. ಪೂರ್ತಿ ಬಿಚ್ಚಿ ಕಟ್ಟೋ ಕೆಲಸ ಒಪ್ಪಿಕೊಂಡು ಎರಡು ವರ್ಷ ಆಯ್ತು. ನಿಮ್ದು ಒಂದು ಮಾಡ್ತೀನಿ, ಆದರೆ ನಾನು ಹೇಳಿದ ಗಾಡೀನೇ ತರಬೇಕು, ಭಾನುವಾರ ಭಾನುವಾರ ನೀವೇ ಬಂದು ಸ್ಪ್ಯಾನರ್ ಹಿಡೀಬೇಕು,” ಎಂದರು. ಇಷ್ಟು ಸುಲಭವಾದ ಷರತ್ತನ್ನು ನಾನು ಯಾವ ಗುರುವಿನಿಂದಲೂ ಕೇಳಿರಲಿಲ್ಲ.

ಇನ್ನು ಹಣದ ಮಾತು. ಚೀಟಿಯೊಂದು ಮುಗಿದು 1,20,000 ರೂಪಾಯಿ ಕೈಗೆ ಬಂದಿತ್ತು. ಮನೆಯಾಕೆ ಅದನ್ನು ನನ್ನ ಮುಂದಿಟ್ಟು, “ನೋಡಿ, ಇದರ ಮೇಲೆ ಒಂದು ರೂಪಾಯಿಯೂ ಇಲ್ಲ. ಅರ್ಧಕ್ಕೆ ನಿಂತರೆ ಮನೆ ಮುಂದೆ ಗುಜರಿ ಇಟ್ಟುಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ,” ಎಂದಳು. ನ್ಯಾಯವಾದ ಮಾತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಗಾಡಿಯನ್ನು ಬಿಚ್ಚಿ ನೋಡು ಎನ್ನುವುದನ್ನು ಸೇರಿಸದೆ ಹೋದದ್ದು ಆ ಕಾಲದಲ್ಲಿ ಗಾಡಿಗಳಿರಲಿಲ್ಲವೆಂಬ ಒಂದೇ ಕಾರಣದಿಂದ. ಅರ್ಧ ಬಿಚ್ಚಿ ಕೈಬಿಟ್ಟ ಗಾಡಿಗಳು ಎಷ್ಟು ಮನೆಗಳ ಮೂಲೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿವೆಯೆಂಬುದನ್ನು ಆ ಐದು ತಿಂಗಳಲ್ಲಿ ನಾನು ನೋಡಿದೆ. ಅವೆಲ್ಲವೂ ಒಂದು ಕಾಲಕ್ಕೆ ಅಗ್ಗವೆಂದು ಕೊಂಡವೇ.

ನೋಡಿದ ಗಾಡಿಗಳಲ್ಲಿ ಮೂರನ್ನು ಮಾತ್ರ ಇಲ್ಲಿ ವರ್ಣಿಸುತ್ತೇನೆ. ಅಗ್ಗದ ಗಾಡಿಗಳಲ್ಲಿ ಇರುವುದೂ ಬಹುಮಟ್ಟಿಗೆ ಈ ಮೂರೇ ಬಗೆ.

ಮೊದಲನೆಯದು ಗುಜರಿ ಅಂಗಡಿಯೊಂದರಲ್ಲಿ ಕಂಡ 1960ರ ದಶಕದ ಜಾವಾ. ಬೆಲೆ 15,000 ರೂಪಾಯಿ. ಕಂದುಗೆಂಪು ಬಣ್ಣದ ಮೇಲೆ ಎಳೆದ ಸಣ್ಣ ಗೆರೆ ಇನ್ನೂ ಅಲ್ಲಲ್ಲಿ ಉಳಿದಿತ್ತು. ಚಾಸಿ, ಎಂಜಿನ್ನು, ಮುಂದಿನ ಫೋರ್ಕು, ಎರಡು ಚಕ್ರ, ಇಷ್ಟು ಇದ್ದುವು. ಪೆಟ್ರೋಲ್ ಟ್ಯಾಂಕು ಇರಲಿಲ್ಲ. ಅದರ ಇಕ್ಕೆಲದ ಮಂಡಿರಬ್ಬರು ಇರಲಿಲ್ಲ. ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆ, ಪಕ್ಕದ ಮುಚ್ಚಳಗಳು, ಡೈನಮೊ, ಜಿಕೋವ್ ಕಾರ್ಬ್ಯುರೇಟರು, ಯಾವುದೂ ಇರಲಿಲ್ಲ. ಹಳೆಯ ಹಸ್ತಪ್ರತಿಗಳನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸಿದವರಿಗೆ ಇದರ ಕಷ್ಟ ಗೊತ್ತು. ಅಕ್ಷರ ಮಸುಕಾಗಿದ್ದರೆ ಓದಬಹುದು. ಗರಿಯೇ ಕಳೆದುಹೋಗಿದ್ದರೆ ಮಾಡುವುದೇನು? ಇನ್ನೊಂದು ಪ್ರತಿಯನ್ನು ಹುಡುಕಬೇಕು. ಗಾಡಿಯ ವಿಷಯದಲ್ಲಿ ಆ ಇನ್ನೊಂದು ಪ್ರತಿಯೆಂದರೆ ಇನ್ನೊಂದು ಗಾಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲದ ಭಾಗಗಳ ಬೆಲೆಯನ್ನು ಪಟ್ಟಿಮಾಡಿ ಕೂಡಿದೆ. ಮೊತ್ತ ಗಾಡಿಯ ಬೆಲೆಯ ಮೂರರಷ್ಟಾಯಿತು. ಅವುಗಳಲ್ಲಿ ಕೆಲವು ಹೊಸದಾಗಿ ತಯಾರಾದ ನಕಲುಗಳು. ಅವನ್ನು ಕೂಡಿಸಬೇಕಾದರೆ ತಗ್ಗಿಸಿ, ತಿದ್ದಿ, ಬಡಿದು ಕೂಡಿಸಬೇಕು.

ಇದಕ್ಕಿಂತ ದೊಡ್ಡ ದೋಷವೊಂದಿತ್ತು. ಆ ಗಾಡಿಗೆ ಕಾಗದವಿರಲಿಲ್ಲ. “ಅದೆಲ್ಲ ಮಾಡಿಸ್ಕೊಬೋದು ಸಾರ್,” ಎಂದು ಅಂಗಡಿಯವನು ಹೇಳಿದ. ಈ ಮಾತನ್ನು ನಂಬಿ ಹಣ ತೆರುವವರು ಕಡಮೆಯೇನಿಲ್ಲ. ವಾಸ್ತವ ಹೀಗಿದೆ: ವಾಹನವು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬರಬೇಕಾದರೆ ನೋಂದಣಿ ಪುಸ್ತಕ ಬೇಕು, 29 ಮತ್ತು 30ನೆಯ ನಮೂನೆಗಳಿಗೆ ಆ ಪುಸ್ತಕದಲ್ಲಿ ಹೆಸರಿರುವ ಮಾಲೀಕನ ಸಹಿ ಬೇಕು, ಬೇರೊಂದು ಸಾರಿಗೆ ಕಚೇರಿಯ ವ್ಯಾಪ್ತಿಯಿಂದ ತರುವುದಾದರೆ 28ನೆಯ ನಮೂನೆಯ ನಿರಾಕ್ಷೇಪಣ ಪತ್ರ ಬೇಕಾಗಬಹುದು. ಮೋಟಾರ್ ಸೈಕಲ್ಲಿನ ನೋಂದಣಿಯ ಅವಧಿ 15 ವರ್ಷ. ಅದಾದ ಬಳಿಕ 25ನೆಯ ನಮೂನೆಯಲ್ಲಿ ಅರ್ಜಿಹಾಕಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ನಿಯಮ 2021ರಲ್ಲಿ ಬಂತು, ನಿಜ. ಇಲ್ಲಿಯೇ ಓಡಾಡುತ್ತಿದ್ದ ಗಾಡಿಗೆ ಅಲ್ಲಿಯೂ ಹಳೆಯ ನೋಂದಣಿ ಪುಸ್ತಕವನ್ನು ಕೇಳುತ್ತಾರೆ; ಆ ನೋಂದಣಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಕಾಗದವಿಲ್ಲದ ಗಾಡಿ ಎಷ್ಟೇ ಚೆಲುವಾಗಿ ಉದ್ಧಾರವಾದರೂ ಮನೆಯ ಅಂಗಳವನ್ನು ದಾಟುವಂತಿಲ್ಲ. ಅದು ಎಂದೋ ಕಳವಾದ ಗಾಡಿಯಾಗಿದ್ದರೆ ಅಂಗಳದಲ್ಲಿ ನಿಲ್ಲುವ ಹಕ್ಕೂ ಅದಕ್ಕಿಲ್ಲ.

ಎರಡನೆಯದು ಬೆಂಗಳೂರು ರಸ್ತೆಯ ಕಡೆಯ ಒಬ್ಬ ವ್ಯಾಪಾರಿಯ ಬಳಿಯಿದ್ದ ಯೆಜ್ಡಿ ಕ್ಲಾಸಿಕ್. ಬೆಲೆ 85,000. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದೇ ಒದೆತಕ್ಕೆ ಎಂಜಿನ್ನು ಎದ್ದಿತು. ಎರಡು ಸೈಲೆನ್ಸರುಗಳಿಂದ ಹೊರಟ ಆ ನಾದವನ್ನು ಕೇಳಿ, ಬಾಲ್ಯದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಕೇಳುತ್ತಿದ್ದ ದನಿಯೇ ಮರಳಿ ಬಂತೆಂದು ನನ್ನ ಮನಸ್ಸು ಹಿಗ್ಗಿತು. ಮೇಸ್ತ್ರಿಗಳು ಹಿಗ್ಗಲಿಲ್ಲ. ನಾವು ಹೋಗುವ ಮುನ್ನವೇ ಎಂಜಿನ್ನು ಬೆಚ್ಚಗಿತ್ತೆಂಬುದನ್ನು ಅವರು ಅಂಗೈಯಿಟ್ಟು ನೋಡಿದ್ದರು. ತಣ್ಣಗಿರುವ ಎಂಜಿನ್ನು ಏಳುವುದಕ್ಕೂ ಆಗಲೇ ಕಾಯಿಸಿಟ್ಟ ಎಂಜಿನ್ನು ಏಳುವುದಕ್ಕೂ ಅಂತರವಿದೆ. ಜೇಬಿನಿಂದ ಒಂದು ಅಯಸ್ಕಾಂತದ ಚೂರನ್ನು ತೆಗೆದು ಟ್ಯಾಂಕಿನ ಮೇಲೆ ಸರಿಸಿದರು. ಮೇಲ್ಭಾಗದಲ್ಲಿ ಅಂಟಿತು, ಬದಿಯಲ್ಲಿ ಜಾರಿ ಬಿತ್ತು. ಅಲ್ಲಿ ತಗಡಿನ ಮೇಲೆ ದಪ್ಪನಾಗಿ ಪುಟ್ಟಿ ಮೆತ್ತಿತ್ತು. ಬಳಿಕ ಚಾಸಿಯ ಮತ್ತು ಎಂಜಿನ್ನಿನ ಸಂಖ್ಯೆಗಳನ್ನು ನನ್ನಿಂದ ಓದಿಸಿದರು. ಚಾಸಿಯದು ಪುಸ್ತಕಕ್ಕೆ ಹೊಂದಿತು. ಎಂಜಿನ್ನಿನದು ಹೊಂದಿತಾದರೂ ಅಂಕೆಗಳು ಸಾಲಾಗಿರಲಿಲ್ಲ. ಅವುಗಳ ಸುತ್ತಲಿನ ಲೋಹ ಉಜ್ಜಿದಂತೆ ನುಣುಪಾಗಿತ್ತು. ಬೇರೆ ಎಂಜಿನ್ನಿಗೆ ಈ ಪುಸ್ತಕದ ಸಂಖ್ಯೆಯನ್ನು ಕೆತ್ತಿದ್ದರು. ಪ್ರಕ್ಷಿಪ್ತ ಪದ್ಯವನ್ನು ಗುರುತಿಸುವ ವಿದ್ವಾಂಸರು ಹೇಗೆ ಒಂದು ಛಂದೋಭಂಗದಿಂದ ಇಡೀ ಭಾಗವನ್ನು ಸಂಶಯಿಸುತ್ತಾರೋ ಹಾಗೆ ಮೇಸ್ತ್ರಿಗಳು ಆ ಒಂದು ಸಾಲಿನಿಂದ ಇಡೀ ಗಾಡಿಯನ್ನು ಸಂಶಯಿಸಿದರು. “ಬೆಳ್ಳಗಿರೋದೆಲ್ಲ ಹಾಲಲ್ಲ, ಮೇಷ್ಟ್ರೇ. ಕೊಳಕಾಗಿರೋ ಗಾಡಿ ತನ್ನ ಕಷ್ಟ ಹೇಳ್ತದೆ; ಇದು ಬಾಯಿ ಮುಚ್ಕೊಂಡು ಕೂತದೆ,” ಎಂದು ಹೊರಟೇಬಿಟ್ಟರು.

ಮೂರನೆಯದು ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ, ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರೊಬ್ಬರ ಕೊಟ್ಟಿಗೆಯಲ್ಲಿತ್ತು. 1984ರ ಯೆಜ್ಡಿ ರೋಡ್‌ಕಿಂಗ್. ಕೊಂಡವರೂ ಅವರೇ, ಓಡಿಸಿದವರೂ ಅವರೇ. ಹತ್ತು ವರ್ಷಗಳಿಗೂ ಮಿಗಿಲಾಗಿ ನಿಂತಲ್ಲಿಯೇ ನಿಂತು ಟೈರುಗಳು ನೆಲಕ್ಕಂಟಿದ್ದುವು. ಸೀಟನ್ನು ಇಲಿ ತಿಂದಿತ್ತು. ಬಣ್ಣ ಯಾವುದೆಂದು ತಿಳಿಯಲು ಒದ್ದೆಬಟ್ಟೆಯಿಂದ ಒರಸಬೇಕಾಯಿತು. ಮೇಸ್ತ್ರಿಗಳು ಕಿಕ್ಕರನ್ನು ಕಾಲಿನಿಂದ ಒತ್ತಿದರು, ಅದು ಅಲುಗಲಿಲ್ಲ. ಪಿಸ್ಟನ್ನು ತುಕ್ಕುಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಬೆಲೆ 38,000. ಗುಜರಿಯವನು 20,000ಕ್ಕೆ ಕೇಳಿದ್ದನಂತೆ. ಬಿಚ್ಚಿ ಭಾಗಗಳನ್ನು ಮಾರುತ್ತೇನೆಂದು ಹೇಳಿದ್ದರಿಂದ ಇವರು ಕೊಡಲಿಲ್ಲವಂತೆ.

ನಾನು ಬೆಲೆಯನ್ನು ಇಳಿಸಲು ನೋಡಿದೆ. ಆ ಹಿರಿಯರು, “ಸ್ವಾಮಿ, ಬೆಲೆ ಇಳಿಸುವುದಿಲ್ಲ. ಆದರೆ ಇದರದು ಏನೇನಿದೆಯೋ ಅದೆಲ್ಲವನ್ನೂ ಕೊಡುತ್ತೇನೆ,” ಎಂದು ಅಟ್ಟದಿಂದ ಒಂದು ಗೋಣಿಚೀಲವನ್ನು ಇಳಿಸಿದರು. ಅದರಲ್ಲಿ ಎಂದೋ ತೆಗೆದಿರಿಸಿದ ಮೂಲ ಸೈಲೆನ್ಸರುಗಳೆರಡು, ಸ್ಪ್ಯಾನರುಗಳ ಚೀಲ, ಪಕ್ಕದ ಪೆಟ್ಟಿಗೆಗಳ ಬೀಗದಕೈ, ಹಳೆಯ ಹೆಡ್‌ಲೈಟಿನ ಬಳೆ ಇವೆಲ್ಲ ಇದ್ದುವು. ನೋಂದಣಿ ಪುಸ್ತಕವನ್ನು ಅವರು ಪಂಚಾಂಗದ ಜೊತೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎರಡು ಸಂಖ್ಯೆಗಳೂ ಹೊಂದಿದುವು. ಅಂಕೆಗಳು ಕಾರ್ಖಾನೆಯಲ್ಲಿ ಹೊಡೆದಂತೆಯೇ ಇದ್ದುವು. ಮೇಸ್ತ್ರಿಗಳು ಹಿಂದೆ ನಿಂತು, ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ದಾರವನ್ನು ಎಳೆಯಿಸಿ ನೋಡಿದರು. ಹ್ಯಾಂಡಲಿನ ಕೆಳಗೆ ಚಾಸಿಯನ್ನು ಕೊಯ್ದು ಬೆಸೆದ ಗುರುತಿದೆಯೇ ಎಂದು ಬೆರಳಾಡಿಸಿ ನೋಡಿದರು. ಎಲ್ಲವೂ ನೆಟ್ಟಗಿತ್ತು.

ಓಡದ ಗಾಡಿಯನ್ನು ಅವರು ಮೆಚ್ಚಿದ್ದೇಕೆಂದು ನಾನು ದಾರಿಯಲ್ಲಿ ಕೇಳಿದೆ. ಅವರು ಹೇಳಿದ ಉತ್ತರ ಈ ವಿಷಯದ ಸಾರಸರ್ವಸ್ವವೆಂದು ನನ್ನ ಭಾವನೆ. “ಓಡಿಸೋದು ನನ್ನ ಕೈಲದೆ, ಮೇಷ್ಟ್ರೇ. ಕಾಗದ ಹುಟ್ಟಿಸೋದು ನನ್ನ ಕೈಲಿಲ್ಲ. ಇಲ್ಲದೆ ಇರೋ ಸಾಮಾನು ಹುಟ್ಟಿಸೋದೂ ನನ್ನ ಕೈಲಿಲ್ಲ.”

ಈ ಮಾತನ್ನು ಸ್ವಲ್ಪ ವಿಸ್ತರಿಸಬಹುದು. ಜಾವಾ ಯೆಜ್ಡಿಗಳ ಎಂಜಿನ್ನು ಎರಡು ಹೊಡೆತದ್ದು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿರುವ ವಾಲ್ವು, ಅದನ್ನು ತೆರೆದು ಮುಚ್ಚುವ ಸಲಕರಣೆ, ಯಾವುದೂ ಇದರಲ್ಲಿಲ್ಲ. 65 ಮಿಲಿಮೀಟರು ಅಗಲದ ಒಂದು ಸಿಲಿಂಡರು, ಅದರೊಳಗೆ 75 ಮಿಲಿಮೀಟರು ಏರಿಳಿಯುವ ಒಂದು ಪಿಸ್ಟನ್ನು, ಕೆಳಗೆ ಕ್ರ್ಯಾಂಕು. ಸುಮಾರು 250 ಸಿ.ಸಿ.ಯ ಸಂಸಾರವೆಲ್ಲ ಇಷ್ಟೇ. ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರಾಗುವ ಮಿತವ್ಯಯ ಇದರಲ್ಲಿದೆ. ಒಂದೇ ಸಿಲಿಂಡರಿನಿಂದ ಎರಡು ಹೊಗೆಕೊಳವೆಗಳು ಹೊರಡುವುದೇ ಇದರ ಒಂದು ಆಡಂಬರ. ಇಂಥ ಎಂಜಿನ್ನಿನಲ್ಲಿ ಸವೆಯುವ ಭಾಗಗಳಾವುವೆಂಬುದು ಮೊದಲೇ ಗೊತ್ತು. ಸಿಲಿಂಡರು ಸವೆದಿದ್ದರೆ ಲೇತಿನವರ ಬಳಿ ಒಂದು ಬೋರು ಕೊರೆಯಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ನು ಹಾಕಬಹುದು. ಕ್ರ್ಯಾಂಕಿನ ಬೇರಿಂಗು, ಅದರ ಎರಡು ಬದಿಯ ಆಯಿಲ್ ಸೀಲು, ಕ್ಲಚ್ಚಿನ ಫಲಕಗಳು ಇವೆಲ್ಲ ದುಡ್ಡಿಗೆ ದೊರೆಯುತ್ತವೆ. ಗೇರಿನ ಕಡೆಯ ಸೀಲು ಹೋದರೆ ಗೇರುಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ನು ಒಳಗೆಳೆದುಕೊಂಡು ಬಿಳಿಯ ಹೊಗೆಯನ್ನು ಕಾರುತ್ತದೆ; ನೋಡುವವರಿಗೆ ಮಹಾರೋಗವೆನಿಸುತ್ತದೆ, ಔಷಧವಾದರೋ ಒಂದು ರಬ್ಬರಿನ ಬಳೆ. ಎಂಜಿನ್ನಿನ ದೋಷಕ್ಕೆ ಲೆಕ್ಕವಿದೆ; ಕಳೆದುಹೋದ ಭಾಗಕ್ಕೂ ಕಳೆದುಹೋದ ಕಾಗದಕ್ಕೂ ಲೆಕ್ಕವಿಲ್ಲ.

ಆ ಲೆಕ್ಕವನ್ನೇ ಆ ರಾತ್ರಿ ನಾನೂ ಮನೆಯಾಕೆಯೂ ಕುಳಿತು ಬರೆದೆವು. ಗಾಡಿಗೆ 38,000. ಎಂಜಿನ್ನಿನ ಕೆಲಸಕ್ಕೆ ಮೇಸ್ತ್ರಿಗಳ ಕೂಲಿಯೂ ಸೇರಿ 22,000. ಬಣ್ಣಕ್ಕೂ ನಿಕ್ಕಲು ಕ್ರೋಮು ಹಚ್ಚುವುದಕ್ಕೂ 25,000. ಹೊಳಪಿನ ಕೆಲಸ ಎಂಜಿನ್ನಿನ ಕೆಲಸಕ್ಕಿಂತ ದುಬಾರಿಯೆಂಬುದನ್ನು ಹೊಸಬರು ಗಮನಿಸಬೇಕು, ಏಕೆಂದರೆ ತುಕ್ಕನ್ನು ತೆಗೆದು, ಉಜ್ಜಿ, ಲೋಹದ ಪದರಗಳನ್ನು ಒಂದಾದ ಮೇಲೊಂದು ಹಿಡಿಸುವುದು ಶ್ರಮದ ಕೆಲಸ. ಟೈರು, ವೈರು, ರಬ್ಬರು, ಸೀಟುಗಳಿಗೆ 15,000. ನೋಂದಣಿಯ ನವೀಕರಣ, ವರ್ಗಾವಣೆ, ವಿಮೆಗಳಿಗೆ 8,000. ಒಟ್ಟು 1,08,000. ಉಳಿದದ್ದು 12,000. “ಇದು ಯಾತಕ್ಕೆ?” ಎಂದು ಆಕೆ ಕೇಳಿದಳು. “ಖಂಡಸ್ಫುಟಿತಕ್ಕೆ,” ಎಂದೆ. ಮೊದಲನೆಯ ಗಾಡಿಯನ್ನೋ ಎರಡನೆಯದನ್ನೋ ಇದೇ ಪಟ್ಟಿಗೆ ಹಾಕಿ ನೋಡಿದರೆ ಕೊನೆಯ ಸಾಲನ್ನು ಬರೆಯುವುದೇ ಸಾಧ್ಯವಾಗುತ್ತಿರಲಿಲ್ಲ. 15,000ದ ಗಾಡಿ ಮೂರರಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದೆಂಬುದು ಹೀಗೆ ಕಾಗದದ ಮೇಲೆ ತಾನಾಗಿ ಸ್ಪಷ್ಟವಾಯಿತು.

ಇನ್ನೂ ಒಂದು ಕಾರಣವುಂಟು. ಅದು ಪಟ್ಟಿಯಲ್ಲಿ ಬರೆಯುವಂಥದಲ್ಲ. ಮೇಸ್ತ್ರಿಗಳ ಕಣ್ಣು ಮಂದವಾಗುತ್ತಿದೆ. ಅರ್ಧ ಇಲ್ಲದ ಗಾಡಿಯನ್ನು ತಂದಿದ್ದರೆ ಅವರ ಉಳಿದ ಶಕ್ತಿಯೆಲ್ಲ ಇಲ್ಲದ್ದನ್ನು ಹೊಂದಿಸುವುದರಲ್ಲಿ ಕಳೆದುಹೋಗುತ್ತಿತ್ತು. ಎಲ್ಲವೂ ಇರುವ ಗಾಡಿಯಾದರೆ, ಯಾವುದು ಎಲ್ಲಿ ಕೂರಬೇಕು, ಎಷ್ಟು ಬಿಗಿಯಬೇಕು, ಎಷ್ಟು ಸಡಿಲಿರಬೇಕು ಎಂಬುದನ್ನು ಅವರು ತೋರಿಸಬಹುದು, ನಾನು ಕಲಿಯಬಹುದು. ಅವರ ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. ಗ್ಯಾರೇಜಿನ ಹುಡುಗರಿಗೆ ಹೊಸ ಗಾಡಿಗಳ ಕೆಲಸವೇ ಸಾಕಷ್ಟಿದೆ. ಬಿಡಿಭಾಗಗಳನ್ನು ಯಾರಾದರೂ ಮತ್ತೆ ಎರಕ ಹೊಯ್ದಾರು. ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ಅಲುಗಿಸಿ ‘ಇದು ಇನ್ನೂ ಬಾಳುತ್ತದೆ’ ಎನ್ನುವ ಕೈಯನ್ನು ಎರಕ ಹೊಯ್ಯಲಾಗುವುದಿಲ್ಲ.

ಗಾಡಿಯನ್ನು ಲಗ್ಗೇಜು ಆಟೋದಲ್ಲಿ ಮೈಸೂರಿಗೆ ತಂದೆವು. ತರುವ ಮೊದಲೇ ಆ ಹಿರಿಯರೊಡನೆ ಸಾರಿಗೆ ಕಚೇರಿಗೆ ಹೋಗಿ, ಹಳೆಯ ಪುಸ್ತಕದ ವಿವರಗಳು ಕಚೇರಿಯ ಗಣಕದಲ್ಲಿಯೂ ಇವೆಯೆಂಬುದನ್ನು ಖಚಿತಪಡಿಸಿಕೊಂಡು ಸಹಿಗಳನ್ನು ಪಡೆದೆ. ಹಣ ಕೊಟ್ಟಮೇಲೆ ಮಾಡುವುದಕ್ಕಿಂತ ಕೊಡುವ ಮುನ್ನ ಮಾಡುವುದು ಇಬ್ಬರಿಗೂ ಕ್ಷೇಮ. ಸ್ಪಾರ್ಕ್ ಪ್ಲಗ್ಗನ್ನು ತೆಗೆದು ಆ ರಂಧ್ರದಲ್ಲಿ ಡೀಸೆಲನ್ನೂ ಎಣ್ಣೆಯನ್ನೂ ಬೆರಸಿ ಹೊಯ್ದು, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸುತ್ತ ಕಾದೆವು. ಒಂಬತ್ತನೆಯ ದಿನ ಪಿಸ್ಟನ್ನು ಒಂದು ಗೋಧಿಕಾಳಿನಷ್ಟು ಸರಿಯಿತು.

ಈಗ ಸಿಲಿಂಡರು ಲೇತಿನವರ ಬಳಿಯಿದೆ. ಮಿಕ್ಕ ಭಾಗಗಳು ಮೇಸ್ತ್ರಿಗಳ ಗ್ಯಾರೇಜಿನಲ್ಲಿ ಹಾಸಿದ ಗೋಣಿಯ ಮೇಲೆ ಸಾಲಾಗಿವೆ. ಭಾನುವಾರಗಳಂದು ನಾನು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅವರ ಕೈಗಿಡುತ್ತೇನೆ, ಅವರು ಬೆರಳಿನಿಂದ ತಡವಿ, ಹೆಸರು ಹೇಳಿ, ಅದರ ಗುಣದೋಷಗಳನ್ನು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಅರವತ್ತು ಪುಟಗಳಾಗಿವೆ. ಗೇರುಪೆಟ್ಟಿಗೆಯ ಭಾಗ ಇನ್ನೂ ಬಾಕಿಯಿದೆ.